ಏಷ್ಯಾದ ಕಲೆ ಈಗ ಎಲ್ಲೆಲ್ಲೂ ಕಾಣುತ್ತಿದೆ, ಸರಿ. ಕೃತಿಯ ಪಕ್ಕದ ವಿವರಣೆ ಚೀಟಿ ಬರೆಯುವವರು ಯಾರು?

ಗೋಡೆಮೊಳೆ

ಬಹಳ ದಿನದಿಂದ ತಲೆ ಕೊರೆಯುತ್ತಿರುವ ವಿಷಯ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

2022ರಲ್ಲಿ ಜರ್ಮನಿಯ ಕಾಸೆಲ್ ಊರಿನ ದೊಡ್ಡ ಕಲಾಪ್ರದರ್ಶನ ಡಾಕ್ಯುಮೆಂಟಾವನ್ನು ಜಕಾರ್ತಾದ ಕಲಾವಿದರ ಗುಂಪು ರುವಾಂಗ್‌ರುಪಾ ನಡೆಸಿತು. 2024ರ ಕೊನೆಗೆ ಲಂಡನ್ನಿನ ಬಾರ್ಬಿಕನ್‌ನಲ್ಲಿ ಭಾರತೀಯ ಕಲೆಯ ದೊಡ್ಡ ಪ್ರದರ್ಶನ. ತುರ್ತು ಪರಿಸ್ಥಿತಿಯಿಂದ ಪೋಖ್ರಾನ್‌ವರೆಗೆ, ಅಂದರೆ 1975ರಿಂದ 1998ರವರೆಗಿನ ಕೆಲಸಗಳು. 2025ರಲ್ಲಿ ಅದೇ ಲಂಡನ್ನಿನಲ್ಲಿ ಒಂದು ಕಡೆ ಅರ್ಪಿತಾ ಸಿಂಗ್, ಇನ್ನೊಂದು ಕಡೆ ಕೊರಿಯಾದ ಡೋ ಹೋ ಸೂ. ನಾನು ಕಲೆ ನೋಡಲು ಶುರುಮಾಡಿದಾಗ ದೊಡ್ಡ ಮ್ಯೂಸಿಯಂಗಳಲ್ಲಿ ಏಷ್ಯಾ ಅಂದರೆ ಬುದ್ಧನ ತಲೆ, ಪಿಂಗಾಣಿ, ರೇಷ್ಮೆ. ಇನ್ನೂ ಬದುಕಿರುವ ಏಷ್ಯಾದವರು ಅಪರೂಪಕ್ಕೆ ಕಾಣುತ್ತಿದ್ದರು.

ಖುಷಿ ಇದೆ. ಜೊತೆಗೆ ಅನುಮಾನವೂ ಇದೆ. ಹತ್ತು ವರ್ಷಕ್ಕೊಮ್ಮೆ ಯಾರೋ ಏಷ್ಯಾವನ್ನು ಹೊಸದಾಗಿ ಕಂಡುಹಿಡಿಯುತ್ತಾರೆ, ಆಮೇಲೆ ಮರೆಯುತ್ತಾರೆ ಅನಿಸುತ್ತದೆ. ಈ ಸಲದ್ದು ಉಳಿಯುತ್ತದಾ?

ಹಳೇಕ್ಯಾಟಲಾಗ್

ಕಂಡುಹಿಡಿಯುವ ಚಾಳಿಗೆ ಒಳ್ಳೆಯ ಉದಾಹರಣೆ 1989ರ ಪ್ಯಾರಿಸ್. ಝಾನ್ ಉಬೇರ್ ಮಾರ್ತಾನ್ ಎಂಬ ಕ್ಯುರೇಟರ್ (ಪ್ರದರ್ಶನಕ್ಕೆ ಕೃತಿ ಆರಿಸಿ ಜೋಡಿಸುವವರು) 'ಭೂಮಿಯ ಮಾಂತ್ರಿಕರು' ಎಂಬ ಅರ್ಥದ ಹೆಸರಿಟ್ಟು ಒಂದು ಪ್ರದರ್ಶನ ಮಾಡಿದರು. ನೂರಕ್ಕೂ ಹೆಚ್ಚು ಕಲಾವಿದರು. ಅರ್ಧ ಪಶ್ಚಿಮದವರು, ಅರ್ಧ ಉಳಿದ ಜಗತ್ತಿನವರು. ಆ ಕಾಲಕ್ಕೆ ಅದು ದೊಡ್ಡ ಧೈರ್ಯವೇ.

ಆದರೆ ಭಾರತದಿಂದ ಯಾರು ಹೋದರು ನೋಡಿ. ಮಧುಬನಿಯ ಬೌವಾ ದೇವಿ, ವಾರ್ಲಿಯ ಜಿವ್ಯಾ ಸೋಮ ಮಶೆ, ಗೊಂಡ ಸಮುದಾಯದ ಜನಗಢ್ ಸಿಂಗ್ ಶ್ಯಾಮ್. ಮೂವರೂ ಅದ್ಭುತ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಹೊತ್ತಿಗೆ ನಮ್ಮ ನಗರಗಳಲ್ಲಿ ಕೆಲಸ ಮಾಡುತ್ತಿದ್ದ ಒಂದಿಡೀ ಪೀಳಿಗೆ ಆ ಪಟ್ಟಿಯಲ್ಲಿ ಇರಲಿಲ್ಲ. ಪ್ಯಾರಿಸ್ಸಿನ ಕಣ್ಣಿಗೆ ಭಾರತ ಅಂದರೆ ಹಳ್ಳಿ, ಮಣ್ಣಿನ ಗೋಡೆ, ಮಂತ್ರ. ನಗರದಲ್ಲಿದ್ದು, ಜಾಗದಲ್ಲಿ ವಸ್ತುಗಳನ್ನು ಜೋಡಿಸಿ ಇನ್‌ಸ್ಟಲೇಷನ್ ಮಾಡುವವನು 'ನಮ್ಮ ನಕಲು' ಆಗಿಬಿಡುತ್ತಿದ್ದ.

ಕಾಣಿಸಿದ್ದರಿಂದ ಆ ಹಳ್ಳಿಯ ಕಲಾವಿದರಿಗಾದರೂ ಒಳ್ಳೆಯದಾಯಿತಾ ಅಂದರೆ ಅದೂ ಸರಳ ಅಲ್ಲ. ಜನಗಢ್ 2001ರಲ್ಲಿ ಜಪಾನಿನ ಒಂದು ಮ್ಯೂಸಿಯಮ್ಮಿನಲ್ಲಿ ಚಿತ್ರ ಬರೆಯಲು ಹೋಗಿದ್ದಾಗ ಅಲ್ಲೇ ತೀರಿಕೊಂಡರು. ನಲವತ್ತರ ಆಸುಪಾಸಿನ ವಯಸ್ಸು. ಆ ಸಾವಿನ ಬಗ್ಗೆ ಈಗಲೂ ಮಾತಾಡುವವರಿದ್ದಾರೆ.

ತಗಡುಡಬ್ಬಿ

ಅದೇ ಪ್ರದರ್ಶನದಲ್ಲೇ ಚೀನಾದ ಹುವಾಂಗ್ ಯೋಂಗ್ ಪಿಂಗ್ ಇದ್ದರಲ್ಲ? ಅವರು ಮಾಂತ್ರಿಕರೂ ಅಲ್ಲ, ಹಳ್ಳಿಯವರೂ ಅಲ್ಲ. ಚೀನೀ ಕಲೆಯ ಇತಿಹಾಸದ ಪುಸ್ತಕ ಒಂದು, ಪಶ್ಚಿಮದ ಆಧುನಿಕ ಕಲೆಯ ಪುಸ್ತಕ ಇನ್ನೊಂದು, ಎರಡನ್ನೂ ವಾಷಿಂಗ್ ಮೆಷೀನಿಗೆ ಹಾಕಿ ಎರಡು ನಿಮಿಷ ತಿರುಗಿಸಿದ ಆಸಾಮಿ.

ಹಳೇಕ್ಯಾಟಲಾಗ್

ಹೌದು, ಸರಿಯಾದ ತಿದ್ದುಪಡಿ. ನಾನು ಭಾರತದ ಮಟ್ಟಿಗೆ ಹೇಳಿದೆ. ವಾಷಿಂಗ್ ಮೆಷೀನಿನ ಕೆಲಸ 1987ರದ್ದು. ಹುವಾಂಗ್ ಪ್ಯಾರಿಸ್ಸಿನಲ್ಲಿದ್ದಾಗಲೇ ಬೀಜಿಂಗಿನಲ್ಲಿ ತಿಯಾನನ್ಮೆನ್ ಹತ್ಯಾಕಾಂಡ ನಡೆಯಿತು. ಅವರು ವಾಪಸ್ ಹೋಗಲಿಲ್ಲ. ಹತ್ತೇ ವರ್ಷದ ಮೇಲೆ, 1999ರಲ್ಲಿ, ಎರಡು ವರ್ಷಕ್ಕೊಮ್ಮೆ ನಡೆಯುವ ವೆನಿಸ್ ಬಿನಾಲೆಯಲ್ಲಿ ಫ್ರಾನ್ಸ್ ಪೆವಿಲಿಯನ್ನಿನ, ಅಂದರೆ ಆ ದೇಶದ ಸ್ವಂತ ಮಂಟಪದ, ಇಬ್ಬರು ಕಲಾವಿದರಲ್ಲಿ ಅವರೂ ಒಬ್ಬರು. ಈಗ ಹೇಳಿ, ಅದು ಚೀನಾದ ಕಲೆಯಾ, ಫ್ರಾನ್ಸಿನದಾ?

ಮಸಿಕುಡಿಕೆ

'ಏಷ್ಯಾದ ಕಲೆ' ಅನ್ನುವ ಮಾತೇ ನನಗೆ ಯಾವಾಗಲೂ ಕಿರಿಕಿರಿ. ಬೈರೂತಿನಿಂದ ಟೋಕಿಯೋವರೆಗೆ ಒಂದೇ ಬುಟ್ಟಿ. ಯುರೋಪಿನ ಯಾರಿಗಾದರೂ 'ನೀವು ಯುರೋಪಿಯನ್ ಕಲಾವಿದ' ಅಂತ ಹಣೆಪಟ್ಟಿ ಅಂಟಿಸಿ ಕಳಿಸುತ್ತಾರಾ? ಅಲ್ಲಿ ಅವನು ಬರೀ ಕಲಾವಿದ.

ಇನ್ನೊಂದು. ಈ ಚರ್ಚೆ ಪ್ಯಾರಿಸ್ಸಿನಿಂದ ಶುರುವಾಯಿತು. ಯಾಕೆ? ದೆಹಲಿಯ ಲಲಿತಕಲಾ ಅಕಾಡೆಮಿ ಅಂತಾರಾಷ್ಟ್ರೀಯ ಟ್ರಿನಾಲೆ (ಮೂರು ವರ್ಷಕ್ಕೊಮ್ಮೆಯ ಕಲಾಪ್ರದರ್ಶನ) ಶುರುಮಾಡಿದ್ದು 1968ರಲ್ಲಿ. ಜಪಾನಿನ ಫುಕುವೋಕಾದ ಮ್ಯೂಸಿಯಂ 1979ರಿಂದಲೇ ಏಷ್ಯಾದ ಕಲೆ ತೋರಿಸುತ್ತಿತ್ತು. 1999ರಲ್ಲಿ ಅದಕ್ಕೆಂದೇ ಬೇರೆ ಮ್ಯೂಸಿಯಂ ತೆರೆಯಿತು. ಢಾಕಾದ ಏಷ್ಯನ್ ಬಿನಾಲೆ 1981ರಿಂದ ಇದೆ. ಇವರೆಲ್ಲ ಪರಸ್ಪರ ನೋಡಿಕೊಳ್ಳುತ್ತಲೇ ಇದ್ದರು. ಲಂಡನ್ ನೋಡಿಲ್ಲ ಅಂದ ಮಾತ್ರಕ್ಕೆ ಯಾರೂ ನೋಡಿಲ್ಲ ಅಂತಲ್ಲ.

ಗೋಡೆಮೊಳೆ

ಒಪ್ಪಿದೆ. ನನ್ನ ಪ್ರಶ್ನೆಯಲ್ಲೇ ಆ ವಾಲಿಕೆ ಇತ್ತು. ಆದರೆ ಒಂದು ತಕರಾರು. ದೆಹಲಿಯ ಟ್ರಿನಾಲೆಯನ್ನು ಈಗ ಎಷ್ಟು ಜನ ನೆನೆಯುತ್ತಾರೆ? ನೋಡುವುದು ಬೇರೆ, ನೋಡಿದ್ದು ಉಳಿಯುವುದು ಬೇರೆ.

ಹಳೇಕ್ಯಾಟಲಾಗ್

ಅಲ್ಲೇ ಗುಟ್ಟಿರುವುದು. ನನ್ನ ಅನಿಸಿಕೆ ಕೇಳಿದರೆ, ಕಳೆದ ಮೂವತ್ತು ವರ್ಷಗಳಲ್ಲಿ ನಿಜವಾದ ಕೆಲಸ ಮಾಡಿದ್ದು ವೆನಿಸ್ ಅಲ್ಲ. ಮಾಡಿದ್ದು ಬ್ರಿಸ್ಬೇನ್, ಗ್ವಾಂಗ್ಜು, ಫುಕುವೋಕಾ. ಯಾಕೆ ಅಂತ ಹೇಳುತ್ತೇನೆ.

ಬ್ರಿಸ್ಬೇನಿನ ಏಷ್ಯಾ ಪೆಸಿಫಿಕ್ ಟ್ರಿನಾಲೆ ಶುರುವಾಗಿದ್ದು 1993ರಲ್ಲಿ, ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಯಲ್ಲಿ. ಅವರು ಪ್ರದರ್ಶನ ಮುಗಿಸಿ ಕೈತೊಳೆದುಕೊಳ್ಳಲಿಲ್ಲ. ಕೆಲಸಗಳನ್ನು ಕೊಂಡು ಸಂಗ್ರಹದಲ್ಲಿ ಇಟ್ಟರು. ಕಲಾವಿದರ ಬಗ್ಗೆ ಬರೆಸಿದರು. ಮತ್ತೆ ಮೂರು ವರ್ಷಕ್ಕೆ ಕರೆದರು. ಹೀಗೆ ಪಟ್ಟುಹಿಡಿದು ಮಾಡಿದ್ದರಿಂದ ಇವತ್ತು ಇಂಡೋನೇಷ್ಯಾದ ತೊಂಬತ್ತರ ದಶಕದ ಕಲೆ ಬಗ್ಗೆ ಯಾರಾದರೂ ಓದಬೇಕು ಅಂದರೆ ಬ್ರಿಸ್ಬೇನಿನ ಹಳೆಯ ಕ್ಯಾಟಲಾಗುಗಳನ್ನು ಹುಡುಕುತ್ತಾರೆ. (ನನ್ನ ಹೆಸರು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.)

ಕೊರಿಯಾದ ಗ್ವಾಂಗ್ಜು ಇನ್ನೊಂದು ಥರ. 1980ರ ಮೇ ತಿಂಗಳಲ್ಲಿ ಸೇನೆ ಪ್ರಜಾಪ್ರಭುತ್ವ ಕೇಳಿದ ಜನರ ಮೇಲೆ ಗುಂಡು ಹಾರಿಸಿದ ಊರು ಅದು. ಆ ನೆನಪಿಗಾಗಿ 1995ರಲ್ಲಿ ಬಿನಾಲೆ ಶುರುವಾಯಿತು. ಮೊದಲ ಸಲ ಬಂದವರ ಸಂಖ್ಯೆ 16 ಲಕ್ಷಕ್ಕೂ ಜಾಸ್ತಿ. ಅದೇ ವರ್ಷ ವೆನಿಸ್ಸಿನ ಜಾರ್ದೀನಿ ತೋಟದಲ್ಲಿ ಕೊರಿಯಾಕ್ಕೆ ಸ್ವಂತ ಪೆವಿಲಿಯನ್ ಸಿಕ್ಕಿತು. ಅದಕ್ಕೆ ಓಡಾಡಿದವರಲ್ಲಿ ವಿಡಿಯೋ ಕಲೆಯ ನಾಮ್ ಜುನ್ ಪೈಕ್ ಮುಖ್ಯರು. ತಮಾಷೆ ಏನೆಂದರೆ, ಅವರೇ ಎರಡು ವರ್ಷ ಮೊದಲು, 1993ರಲ್ಲಿ, ಜರ್ಮನಿ ಪೆವಿಲಿಯನ್ನಿನಲ್ಲಿ ಹಾನ್ಸ್ ಹಾಕೆ ಜೊತೆ ಬಿನಾಲೆಯ ದೊಡ್ಡ ಪ್ರಶಸ್ತಿ 'ಚಿನ್ನದ ಸಿಂಹ' ಗೆದ್ದಿದ್ದರು.

ಮನೆಯಲ್ಲೊಂದು ವೇದಿಕೆ, ಹೊರಗೊಂದು ಬಾಗಿಲು. ಕೊರಿಯಾ ಎರಡನ್ನೂ ಒಂದೇ ವರ್ಷ ಮಾಡಿತು.

ತಗಡುಡಬ್ಬಿ

ನಮ್ಮದು? ವೆನಿಸ್ಸಿನಲ್ಲಿ ಜಪಾನಿನ ಕಟ್ಟಡ 1956ರಿಂದ ಇದೆ. ಭಾರತಕ್ಕೆ ಅಲ್ಲಿ ಕಾಯಂ ಕಟ್ಟಡ ಇಲ್ಲ. 2011ರಲ್ಲಿ ರಣಜಿತ್ ಹೊಸ್ಕೋಟೆ ಕ್ಯುರೇಟ್ ಮಾಡಿದ ಅಧಿಕೃತ ಪೆವಿಲಿಯನ್ ಬಂತು. ಆಮೇಲೆ ಎಂಟು ವರ್ಷ ಖಾಲಿ. 2019ರಲ್ಲಿ ಗಾಂಧಿ 150ರ ನೆಪದಲ್ಲಿ ಮತ್ತೆ ಬಂದೆವು. 2022ಕ್ಕೂ ಇಲ್ಲ, 2024ಕ್ಕೂ ಇಲ್ಲ. ನಡುವೆ 2015ರಲ್ಲಿ ಶಿಲ್ಪಾ ಗುಪ್ತಾ ಮತ್ತು ಪಾಕಿಸ್ತಾನದ ರಶೀದ್ ರಾಣಾ ಸೇರಿ ಅಲ್ಲೊಂದು ಪ್ರದರ್ಶನ ಮಾಡಿದರು. ಅದು ಖಾಸಗಿ ಪ್ರತಿಷ್ಠಾನದ ದುಡ್ಡು. ಎರಡು ಸರ್ಕಾರಗಳು ಮಾಡಬೇಕಾಗಿದ್ದನ್ನು ಇಬ್ಬರು ಕಲಾವಿದರು ಮಾಡಿದರು.

ಕಲಾವಿದರು ಒಬ್ಬೊಬ್ಬರಾಗಿ ಹೋಗಿಯೇ ಹೋಗುತ್ತಾರೆ, ಬಿಡಿ. ಹಿಂದೆ ನಿಲ್ಲುವವರು ಯಾರು ಅನ್ನುವುದು ಪ್ರಶ್ನೆ. ಗ್ಯಾಲರಿ ನಿಂತರೆ ಗ್ಯಾಲರಿಗೆ ಬೇಕಾದವರು ಮಾತ್ರ ಹೋಗುತ್ತಾರೆ.

ಎರಡನೇಸಾಲು

ದುಡ್ಡಿನ ಮಾತು ಬಂತಲ್ಲ. 2025ರ ಮಾರ್ಚಿನಲ್ಲಿ ಎಂ. ಎಫ್. ಹುಸೇನ್ ಅವರ 'ಗ್ರಾಮ ಯಾತ್ರಾ' ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 1.38 ಕೋಟಿ ಡಾಲರಿಗೆ ಹೋಯಿತು. ಇದಕ್ಕಿಂತ ದೊಡ್ಡ ಗುರುತು ಬೇಕಾ?

ತಗಡುಡಬ್ಬಿ

ಎರಡನ್ನೂ ಕಲಸಬೇಡಿ. ಅದು 1954ರ ಚಿತ್ರ, ಸಮಕಾಲೀನವೇ ಅಲ್ಲ. ಹಲವು ದಶಕ ಓಸ್ಲೋದ ಆಸ್ಪತ್ರೆಯೊಂದರ ಗೋಡೆ ಮೇಲೆ ನೇತಾಡುತ್ತಿತ್ತು. ದಿನಾ ಎಷ್ಟೋ ಜನ ಅದರ ಮುಂದೆ ಓಡಾಡಿದರು. ಕಾಣುತ್ತಲೇ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ. ಹರಾಜಿನಲ್ಲಿ ಕೊಂಡದ್ದು ಎಷ್ಟೋ ಸಲ ಮತ್ತೆ ಯಾರದೋ ಗೋದಾಮಿಗೆ ಹೋಗುತ್ತದೆ.

ಎರಡನೇಸಾಲು

ಸರಿ ಸರಿ, ಸೋತೆ. ಆದರೆ ಡಾಕ್ಯುಮೆಂಟಾ ವಿಷಯದಲ್ಲಿ ಸೋಲುವುದಿಲ್ಲ. 2022ರಲ್ಲಿ ನಾನು ಮೂರು ದಿನ ಕಾಸೆಲ್‌ನಲ್ಲಿದ್ದೆ.

ರುವಾಂಗ್‌ರುಪಾದವರು ಇಟ್ಟ ಪದ 'ಲುಂಬುಂಗ್'. ಹಳ್ಳಿಯವರು ಹೆಚ್ಚಾದ ಭತ್ತವನ್ನು ಒಟ್ಟಿಗೆ ಕೂಡಿಡುವ ಕಣಜ. ದೊಡ್ಡ ಹೆಸರಿನ ಒಬ್ಬೊಬ್ಬ ಕಲಾವಿದನ ಬದಲು ಗುಂಪುಗಳನ್ನು ಕರೆದರು. ಆ ಗುಂಪುಗಳು ಇನ್ನಷ್ಟು ಗುಂಪುಗಳನ್ನು ಕರೆದವು. ಬಜೆಟ್ಟಿನ ಒಂದು ಪಾಲನ್ನು ಒಟ್ಟಿಗೆ ಕೂತು ಹಂಚಿಕೊಂಡರು. ಬಾಂಗ್ಲಾದೇಶದ ಬ್ರಿಟೋ ಆರ್ಟ್ಸ್ ಟ್ರಸ್ಟ್ ಒಂದು ಅಡುಗೆಮನೆ ಕಟ್ಟಿತ್ತು. ದಿನಕ್ಕೊಂದು ಗುಂಪು ಅಲ್ಲಿ ಅಡುಗೆ ಮಾಡುತ್ತಿತ್ತು. ನಾನು ಬಿದಿರಿನ ಕಂಬಕ್ಕೆ ಒರಗಿ ಊಟ ಮಾಡಿದೆ. ಪಕ್ಕದಲ್ಲಿದ್ದ ಒಬ್ಬ ವಯಸ್ಸಾದವರು 'ಕಲೆ ಎಲ್ಲಿದೆ?' ಅಂತ ಮೂರು ಸಲ ಕೇಳಿದರು. ಅವರು ತಟ್ಟೆ ಖಾಲಿ ಮಾಡಿದ್ದರು.

ಆಮೇಲೆ ಆಗಿದ್ದು ಗೊತ್ತೇ ಇದೆ. ಇಂಡೋನೇಷ್ಯಾದ ತಾರಿಂಗ್ ಪಾಡಿ ಗುಂಪಿನ ದೊಡ್ಡ ಬ್ಯಾನರಿನಲ್ಲಿ ಯಹೂದಿದ್ವೇಷದ ಚಿತ್ರಗಳು ಕಂಡವು. ಮೊದಲು ಬಟ್ಟೆ ಮುಚ್ಚಿದರು, ಆಮೇಲೆ ಇಳಿಸಿದರು. ಸಂಸ್ಥೆಯ ಮುಖ್ಯಸ್ಥೆ ಹುದ್ದೆ ಬಿಟ್ಟರು. ಉಳಿದ ನೂರಾರು ಕೆಲಸಗಳ ಬಗ್ಗೆ ಯಾರೂ ಬರೆಯಲಿಲ್ಲ.

ಮಸಿಕುಡಿಕೆ

ಆ ಚಿತ್ರಗಳನ್ನು ಸಮರ್ಥಿಸಲು ಆಗುವುದಿಲ್ಲ ಅಲ್ವಾ? ಬೇರೆ ಊರಿನ ಕಲಾವಿದ ಅಂದ ಮಾತ್ರಕ್ಕೆ ವಿನಾಯಿತಿ ಕೊಡುವುದೂ ಒಂದು ಥರ ಕೀಳಾಗಿ ನೋಡಿದ ಹಾಗೆ.

ಎರಡನೇಸಾಲು

ಸಮರ್ಥಿಸುತ್ತಿಲ್ಲ. ಆ ಗುಂಪು ಕೂಡ ಕ್ಷಮೆ ಕೇಳಿತು. ಬ್ಯಾನರು 2002ರದ್ದು, ಸುಹಾರ್ತೋ ಸರ್ವಾಧಿಕಾರದ ವಿರುದ್ಧ ಮಾಡಿದ್ದು. ಒಂದು ಊರಿನಲ್ಲಿ ಯಾರ ಕಣ್ಣಿಗೂ ಕುಕ್ಕದ ಮೂಲೆ ಇನ್ನೊಂದು ಊರಿನಲ್ಲಿ ಗಾಯದ ಮೇಲೆ ಬರೆ ಆಗುತ್ತದೆ. ಅದನ್ನು ಮೊದಲೇ ನೋಡುವವರು ಯಾರಾದರೂ ಇರಬೇಕಿತ್ತು. ಎಲ್ಲರೂ ಎಲ್ಲರನ್ನೂ ಕರೆದಾಗ, ಕೊನೆಯ ಸಲ ನೋಡುವ ಹೊಣೆ ಯಾರದ್ದೂ ಆಗಲಿಲ್ಲ. ಆ ಮಾದರಿಯ ಸೊಗಸೂ ಅದೇ, ತೊಂದರೆಯೂ ಅದೇ.

ಸುತ್ತುನೂಲು

ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ನನ್ನ ಕೆಲಸ ಕಲಾಕೃತಿಗಳನ್ನು ಪ್ಯಾಕ್ ಮಾಡುವುದು, ಜೊತೆಗೆ ಹೋಗುವುದು, ಅಲ್ಲಿ ಬಿಚ್ಚಿ ನಿಲ್ಲಿಸುವುದು. ಹದಿನಾಲ್ಕು ವರ್ಷ ಆಯಿತು. ಕ್ಯುರೇಟರುಗಳ ಬಗ್ಗೆ ನೀವೆಲ್ಲ ಮಾತಾಡುತ್ತಿದ್ದೀರಿ. ನಾನು ಪೆಟ್ಟಿಗೆ ಕಡೆಯಿಂದ ಹೇಳುತ್ತೇನೆ.

ಯಾವ ಕಲೆ ಹೊರದೇಶದಲ್ಲಿ ಕಾಣುತ್ತದೆ ಅನ್ನುವುದನ್ನು ಅರ್ಧ ನಿರ್ಧರಿಸುವುದು ಕಸ್ಟಮ್ಸ್. ಮರದ ಪೆಟ್ಟಿಗೆ ಗಡಿ ದಾಟಬೇಕಾದರೆ ಆ ಮರವನ್ನು ಒಳಗಿನ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ಗೆ ಅರ್ಧ ಗಂಟೆ ಕಾಯಿಸಿರಬೇಕು ಅಥವಾ ಹುಳ ಸಾಯುವ ಬೇರೆ ಉಪಚಾರ ಮಾಡಿಸಿರಬೇಕು. ಅದರ ಮುದ್ರೆ ಪೆಟ್ಟಿಗೆ ಮೇಲೆ ಇರಬೇಕು. ಇದು ಸುಲಭದ ಭಾಗ. ಒಳಗೆ ಬಣ್ಣ ಬಳಿದ ಕ್ಯಾನ್ವಾಸ್ ಇದ್ದರೆ ಜಾಸ್ತಿ ಪ್ರಶ್ನೆ ಇಲ್ಲ. ಸಗಣಿ, ಹುಲ್ಲು, ಬೀಜ, ಗರಿ, ಕೂದಲು ಇದ್ದರೆ ಮುಗಿಯಿತು. ಆಸ್ಟ್ರೇಲಿಯಾದಂಥ ಕಡೆ ತಿಂಗಳುಗಟ್ಟಲೆ ಕಾಗದ ಪತ್ರ. ನಮ್ಮ ಕಡೆಯ ಎಷ್ಟೋ ಒಳ್ಳೆಯ ಕೆಲಸ ಇಂಥ ವಸ್ತುಗಳಿಂದಲೇ ಆಗಿದೆ. 'ಇದನ್ನು ಬಿಟ್ಟು ಬೇರೆ ಕೆಲಸ ಕಳಿಸಬಹುದಾ?' ಅಂತ ಮೇಲ್ ಬರುತ್ತದೆ. ಆಗ ಕ್ಯಾನ್ವಾಸ್ ಹೋಗುತ್ತದೆ.

ಇನ್ನು ಕಂಡಿಷನ್ ರಿಪೋರ್ಟ್. ಪೆಟ್ಟಿಗೆ ಬಿಚ್ಚಿದ ತಕ್ಷಣ ಗೀರು, ಬಿರುಕು, ಕಲೆ ಎಲ್ಲ ಬರೆದುಕೊಳ್ಳುತ್ತಾರೆ. ವಿಮೆಗಾಗಿ. ಒಂದು ದೊಡ್ಡ ಮ್ಯೂಸಿಯಮ್ಮಿನಲ್ಲಿ, ಹೆಸರು ಬೇಡ, ನೂಲಿನ ಕೆಲಸವೊಂದರ ತುದಿಗಳು ಸಡಿಲವಾಗಿ ಜೋತುಬಿದ್ದಿದ್ದನ್ನು 'ಹಾನಿ' ಅಂತ ಬರೆದರು. ಹನ್ನೊಂದು ಕಡೆ. ಆ ಜೋತುಬಿದ್ದ ತುದಿಗಳೇ ಕೆಲಸ. ನಾನು ಅರ್ಧ ದಿನ ವಾದ ಮಾಡಿದೆ. ಅದೇ ಕೆಲಸದ ಚೀಟಿಯಲ್ಲಿ ಕುಂಕುಮಕ್ಕೆ 'ಪೂಜಾವಿಧಿಯ ಪುಡಿ' ಅಂತ ಇತ್ತು. ಹಣೆಗೆ ಇಡುವುದು, ಬಾಗಿಲಿಗೆ ಹಚ್ಚುವುದು, ಹೆಣ್ಣುಮಕ್ಕಳ ಬದುಕಿನಲ್ಲಿ ಅದು ಇದ್ದರೆ ಏನು, ಇಲ್ಲದಿದ್ದರೆ ಏನು, ಇದೆಲ್ಲ ಆ ಎರಡು ಪದದಲ್ಲಿ ಹೋಯಿತು.

ಗೋಡೆಮೊಳೆ

ಇದು ನಾನು ಕೇಳಬೇಕಾಗಿದ್ದ ಪ್ರಶ್ನೆ! ಚೀಟಿ ಬರೆಯುವವರು ಯಾರು? (ಶೀರ್ಷಿಕೆ ಬದಲಿಸಿದ್ದೇನೆ.)

ಸುತ್ತುನೂಲು

ಸಾಮಾನ್ಯವಾಗಿ ಕ್ಯುರೇಟರ್ ಅಥವಾ ಸಹಾಯಕರು ಮೊದಲ ಕರಡು ಬರೆಯುತ್ತಾರೆ. 60ರಿಂದ 100 ಪದ. ಆಮೇಲೆ ಶಿಕ್ಷಣ ವಿಭಾಗದವರು 'ಯಾರಿಗಾದರೂ ಅರ್ಥವಾಗಬೇಕು' ಅಂತ ಇನ್ನಷ್ಟು ಕತ್ತರಿಸುತ್ತಾರೆ. ಕಲಾವಿದರಿಗೆ ತೋರಿಸುವುದುಂಟು, ಯಾವಾಗಲೂ ಅಲ್ಲ. ಕತ್ತರಿಸುವಾಗ ಮೊದಲು ಹೋಗುವುದು ಅವರಿಗೆ ಗೊತ್ತಿಲ್ಲದ ಪದ.

ಮಸಿಕುಡಿಕೆ

ಕಲಾವಿದೆ ಶೀಲಾ ಗೌಡ ಅವರ 'ಬಿಹೋಲ್ಡ್' ಎಂಬ ಕೃತಿ ನೆನಪಾಯಿತು. ಭದ್ರಾವತಿಯಲ್ಲಿ ಹುಟ್ಟಿದವರು. 2009ರ ವೆನಿಸ್ ಬಿನಾಲೆಯಲ್ಲಿತ್ತು, ಈಗ ಬ್ರಿಟನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಸುಮಾರು 4,000 ಮೀಟರ್ ಕೂದಲ ಹಗ್ಗ, 20 ಕಾರು ಬಂಪರುಗಳು. ಅಷ್ಟು ಭಾರದ ಉಕ್ಕು ಬರೀ ಕೂದಲ ಮೇಲೆ ನೇತಾಡುತ್ತಿರುತ್ತದೆ.

ಪರದೇಶದವರು ಅದರ ಮುಂದೆ ನಿಂತರೆ ಮೊದಲು ಕಾಣುವುದು ಕೂದಲು. ಯುರೋಪಿನಲ್ಲಿ ರಾಶಿ ಕೂದಲು ಅಂದರೆ ಎರಡನೇ ಮಹಾಯುದ್ಧದ ಶಿಬಿರಗಳ ನೆನಪು ಬರುತ್ತದೆ. ಅದು ಅವರ ತಪ್ಪಲ್ಲ. ನಮಗೆ ಮೊದಲು ಕಾಣುವುದು ಬಂಪರ್. ಗಾಡಿಗೆ ದೃಷ್ಟಿ ಆಗಬಾರದು ಅಂತ ಕಟ್ಟುವ ಹಗ್ಗ! ದೇವಸ್ಥಾನದಲ್ಲಿ ಹರಕೆ ಕೊಟ್ಟ ಮುಡಿ, ಉದ್ದದ್ದು ವಿಗ್‌ಗೆ ಹೋಗುತ್ತದೆ, ಗಿಡ್ಡದ್ದು ಹಗ್ಗ ಆಗುತ್ತದೆ. ಭಕ್ತಿ, ವ್ಯಾಪಾರ, ಭಯ ಮೂರೂ ಒಂದೇ ಎಳೆಯಲ್ಲಿ. ನಮಗೆ ನಗು ಬರುತ್ತದೆ, ಆಮೇಲೆ ಮೈ ಜುಂ ಅನ್ನುತ್ತದೆ. ಅವರಿಗೆ ಮೈ ಜುಂ ಮೊದಲು, ನಗು ಬರುವುದೇ ಇಲ್ಲ.

ತಗಡುಡಬ್ಬಿ

ಆದರೆ ಚೀಟಿ ಓದದೆಯೂ ಕೆಲಸ ನಿಲ್ಲಬೇಕಲ್ಲವಾ? ಎಲ್ಲವನ್ನೂ ವಿವರಿಸಿದರೆ ಕಲೆ ಎಲ್ಲಿ ಉಳಿಯಿತು? ಮೈಸೂರಿನ ಎನ್. ಎಸ್. ಹರ್ಷ ಅವರ ಕೆಲಸಗಳಲ್ಲಿ ಸಾಲುಸಾಲಾಗಿ ಕೂತು ಉಣ್ಣುವ ಜನ ಇರುತ್ತಾರೆ. ಪಂಕ್ತಿ ಊಟ ನೋಡದವರಿಗೂ ಅದು ತಲುಪುತ್ತದೆ. 2008ರಲ್ಲಿ ವೇಲ್ಸಿನ ಆರ್ಟೆಸ್ ಮುಂಡಿ ಪ್ರಶಸ್ತಿ ಬಂತು, 2017ರಲ್ಲಿ ಟೋಕಿಯೋದ ಮೋರಿ ಮ್ಯೂಸಿಯಮ್ಮಿನಲ್ಲಿ ದೊಡ್ಡ ಏಕವ್ಯಕ್ತಿ ಪ್ರದರ್ಶನ ಆಯಿತು. ಅಲ್ಲಿನವರಿಗೆ ಯಾರು ಪಂಕ್ತಿ ಅಂದರೇನು ಅಂತ ಪಾಠ ಮಾಡಿದರು?

ಮಸಿಕುಡಿಕೆ

ಟೋಕಿಯೋದವರು ನೆಲದ ಮೇಲೆ ಕೂತು ಉಂಡವರು ಸ್ವಾಮಿ. ಅದೇ ನನ್ನ ವಾದ. ಏಷ್ಯಾದ ಕಲೆಯನ್ನು ಏಷ್ಯಾದವರು ನೋಡುವಾಗ ಚೀಟಿ ಚಿಕ್ಕದಾಗುತ್ತದೆ.

ಹಳೇಕ್ಯಾಟಲಾಗ್

ಇದು ಪೂರ್ತಿ ನಿಜ ಅಲ್ಲ. ಏಷ್ಯಾದವರಿಗೆ ಏಷ್ಯಾ ಗೊತ್ತು ಅನ್ನುವುದು ಭ್ರಮೆ. ಕೊರಿಯಾದ ಗ್ವಾಂಗ್ಜು ಏನು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಇನ್ನೊಂದು ಜಗಳ ನೆನಪಿಸುತ್ತೇನೆ. 1999ರ ವೆನಿಸ್‌ನಲ್ಲಿ ಸುಮಾರು 20 ಚೀನೀ ಕಲಾವಿದರಿದ್ದರು. ಸಾಯ್ ಗುವೋ ಚಿಯಾಂಗ್ ಚಿನ್ನದ ಸಿಂಹ ಗೆದ್ದರು. ಅವರು ಮಾಡಿದ್ದೇನು? 1965ರಲ್ಲಿ ಸಿಚುವಾನಿನಲ್ಲಿ ಮಾಡಿದ್ದ, ಜಮೀನ್ದಾರ ಗೇಣಿ ವಸೂಲು ಮಾಡುವ ಪ್ರಸಿದ್ಧ ಮಣ್ಣಿನ ಶಿಲ್ಪಗಳ ಸರಣಿಯನ್ನು ವೆನಿಸ್‌ನಲ್ಲಿ ಮತ್ತೆ ಮಾಡಿಸಿದರು. ಸುಡದ ಮಣ್ಣು. ಒಣಗಿ, ಬಿರಿದು, ಉದುರುವಂತೆ ಬಿಟ್ಟರು. ಪ್ರಶಸ್ತಿ ಬಂದ ಮೇಲೆ ಮೂಲ ಶಿಲ್ಪ ಮಾಡಿದ ಸಿಚುವಾನಿನ ಕಲಾಶಾಲೆ 'ಇದು ನಮ್ಮದು, ಕೇಸು ಹಾಕುತ್ತೇವೆ' ಅಂತ ಎದ್ದಿತು. ವೆನಿಸ್‌ಗೆ ಕಂಡಿದ್ದು ಒಬ್ಬ ಕಲಾವಿದ. ಚೀನಾಕ್ಕೆ ಕಂಡಿದ್ದು ಕಳ್ಳತನ. ಎರಡೂ ಕಡೆಯ ಚೀಟಿ ಜೊತೆಯಲ್ಲಿ ಹಾಕಿದ್ದರೆ ಆ ಕೆಲಸ ಇನ್ನೂ ಚೆನ್ನಾಗಿ ಕಾಣುತ್ತಿತ್ತೇನೋ.

ಎರಡನೇಸಾಲು

ಕರೆಯದೇ ಹೋದವರ ಕಥೆಯೂ ಇರಲಿ. 1966ರಲ್ಲಿ ಯಾಯೋಯಿ ಕುಸಾಮಾ ವೆನಿಸ್ ತೋಟದ ಹುಲ್ಲಿನ ಮೇಲೆ ಸುಮಾರು 1,500 ಕನ್ನಡಿ ಚೆಂಡು ಹರಡಿ, ಒಂದಕ್ಕೆ ಎರಡು ಡಾಲರಿನಂತೆ ಮಾರಲು ನಿಂತರು. ಬಿನಾಲೆಯವರು ಬಂದು ಮಾರಾಟ ನಿಲ್ಲಿಸಿದರು. 1993ರಲ್ಲಿ ಅದೇ ತೋಟದಲ್ಲಿ ಜಪಾನಿನ ಅಧಿಕೃತ ಕಲಾವಿದೆಯಾಗಿ ಬಂದರು. 27 ವರ್ಷ.

ಗೋಡೆಮೊಳೆ

ಇಷ್ಟೆಲ್ಲ ಓದಿ ನನ್ನ ಮೊದಲ ಪ್ರಶ್ನೆ ಸ್ವಲ್ಪ ಪೆದ್ದು ಅನಿಸುತ್ತಿದೆ. ಲಂಡನ್ ಎಷ್ಟು ದಿನ ನೋಡುತ್ತದೆ ಅಂತ ಕೇಳಿದೆ. ಈಗ ಹಾಂಗ್‌ಕಾಂಗಿನ ಎಂ ಪ್ಲಸ್ ಮ್ಯೂಸಿಯಂ ಇದೆ, 2021ರಲ್ಲಿ ತೆರೆಯಿತು. ಕಲಾಸಂಗ್ರಾಹಕ ಉಲಿ ಸಿಗ್ ಕೊಟ್ಟ 1,463 ಚೀನೀ ಕೃತಿಗಳೇ ಅದರ ಬುನಾದಿ. (ಕೊಟ್ಟವರು ಸ್ವಿಸ್, ಅದು ಬೇರೆ ಮಾತು.) ಸಿಂಗಪುರದ ನ್ಯಾಷನಲ್ ಗ್ಯಾಲರಿ 2015ರಿಂದ ಇದೆ. ಶಾರ್ಜಾ ಬಿನಾಲೆ ಇದೆ. 2012ರಿಂದ ಕೊಚ್ಚಿ ಬಿನಾಲೆ ಇದೆ.

ತಗಡುಡಬ್ಬಿ

ಕೊಚ್ಚಿ ಅಂದರೆ 2022 ನೆನಪಿಸಿಕೊಳ್ಳಿ. ಡಿಸೆಂಬರ್ 12ಕ್ಕೆ ತೆರೆಯಬೇಕಿದ್ದ ಮುಖ್ಯ ಪ್ರದರ್ಶನ ಕೊನೆ ಗಳಿಗೆಯಲ್ಲಿ 23ಕ್ಕೆ ಹೋಯಿತು. ಜಗತ್ತಿನ ಮೂಲೆಯಿಂದ ಬಂದವರು ಮುಚ್ಚಿದ ಗೇಟು ನೋಡಿಕೊಂಡು ವಾಪಸ್ ಹೋದರು. ಪ್ರೀತಿಯಿಂದಲೇ ಬೈಯುತ್ತಿದ್ದೇನೆ. ಆ ಸಲದ ಕ್ಯುರೇಟರ್ ಶುಭಿಗಿ ರಾವ್ ಕಟ್ಟಿದ ಪ್ರದರ್ಶನ, ತೆರೆದ ಮೇಲೆ, ಬಹಳ ಚೆನ್ನಾಗಿತ್ತು.

ಮಸಿಕುಡಿಕೆ

ಸುತ್ತುನೂಲು ಅವರೇ, ಒಂದು ಕೇಳಬೇಕಿತ್ತು. ಆ ಕುಂಕುಮದ ಚೀಟಿ ಕೊನೆಗೆ ಏನಾಯಿತು?

ಸುತ್ತುನೂಲು

ಬದಲಾಯಿತು. ಕಲಾವಿದೆ ಫೋನಿನಲ್ಲಿ ಒಂದೇ ಮಾತು ಹೇಳಿದರು, 'ಕುಂಕುಮ ಅಂತಲೇ ಹಾಕಿ.' ಓದುವವರಿಗೆ ಅರ್ಥವಾಗಲ್ಲ ಅಂತ ಮ್ಯೂಸಿಯಂನವರು. ಅರ್ಥವಾಗದಿದ್ದರೆ ಕೇಳುತ್ತಾರೆ ಅಂತ ಕಲಾವಿದೆ. ಕೊನೆಗೆ ಪದ ಹಾಗೇ ಹಾಕಿದರು, ವಿವರಣೆ ಇಲ್ಲದೆ.

ಪ್ರದರ್ಶನ ಮುಗಿದು ಬಿಚ್ಚಲು ಹೋದಾಗ ಅಲ್ಲಿನ ಕಾವಲುಗಾರ್ತಿ ಹೇಳಿದರು, ಮೂರು ತಿಂಗಳಲ್ಲಿ ಅತಿ ಹೆಚ್ಚು ಜನ ತನ್ನನ್ನು ಕೇಳಿದ್ದು ಎರಡು ವಿಷಯವಂತೆ. ಟಾಯ್ಲೆಟ್ ಎಲ್ಲಿದೆ, ಕುಂಕುಮ ಅಂದರೆ ಏನು. ಎರಡನೆಯದಕ್ಕೆ ಆಕೆ ಏನು ಉತ್ತರ ಕೊಟ್ಟರೋ ಕೇಳಲು ಮರೆತೆ. ಪೆಟ್ಟಿಗೆ ಮುಚ್ಚುವ ಅವಸರದಲ್ಲಿದ್ದೆ.